ಹೊತ್ತು ಮುಳುಗಿದ ಮೇಲೆ ಅರೇಪಾ

ನನ್ನ ಗಂಡ ಹೊತ್ತು ಮುಳುಗಿತೆಂದು ಊಟ ಬಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಪುಣೆಯ ಒಂದು ವೆನೆಝುವೆಲಾ ಹೋಟೆಲಿನಲ್ಲಿ, ಬಡಿಸಿದ ತಟ್ಟೆಯ ಮುಂದೆ ಕೂತು. ಎದುರಿಗೆ ನಮ್ಮ ಮಗಳು ಇದ್ದಳು. ಆಕೆಯ ಪಕ್ಕದಲ್ಲಿ, ಆಕೆ ಮದುವೆಯಾಗಬೇಕೆಂದಿದ್ದ ಹುಡುಗನ ತಾಯಿ. ಹುಡುಗ ರೊಟ್ಟಿ ಬೇಯಿಸುವ ಹಂಚಿನ ಮುಂದೆ ನಿಂತಿದ್ದ. ಹೋಟೆಲು ಅವನದೇ.

ನಾವು ಜೈನರು. ನನ್ನ ತವರು ತೇರದಾಳ, ಕೊಟ್ಟ ಮನೆ ಜಮಖಂಡಿ. ತವರಿನಲ್ಲಿ ಸಂಜೆ ಬೆಳಕಿರುವಾಗಲೇ ಎಲ್ಲರ ಊಟ ಮುಗಿದು, ಒಲೆ ಆರಿ, ಅಡುಗೆಮನೆಯ ಬಾಗಿಲಿಗೆ ಚಿಲಕ ಬೀಳುತ್ತಿತ್ತು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಜೀವಗಳು ತುತ್ತಿನ ಜೊತೆ ಹೊಟ್ಟೆಗೆ ಹೋಗುತ್ತವೆ, ಅದು ಪಾಪ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಆಮೇಲೆ ಹಸಿದು ಅತ್ತ ಮಕ್ಕಳಿಗೂ ಮುಂಜಾನೆಯೇ ಗತಿ. ನನಗೆ ಅದು ದೊಡ್ಡ ವ್ರತ ಅಂತ ಅನ್ನಿಸಿದ್ದೇ ಇಲ್ಲ, ಹಲ್ಲು ತಿಕ್ಕುವ ಹಾಗೆ ದಿನವೂ ಮಾಡುವ ಕೆಲಸ. ಅವ್ವ ತೀರಿಕೊಂಡ ವರ್ಷ, ಊರ ಬಸದಿಗೆ ಬಂದಿದ್ದ ಮುನಿಗಳ ಮುಂದೆ ಕೈಮುಗಿದು, ಇನ್ನು ಜೀವ ಇರುವ ತನಕ ರಾತ್ರಿ ಉಣ್ಣುವುದಿಲ್ಲ ಎಂದು ನೇಮ ಹಿಡಿದೆ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಶಾಲೆ ಬಿಟ್ಟು ಬಂದು, ಬೆಳಕಿರುವಾಗಲೇ ಉಂಡು ಕೈ ತೊಳೆದರೆ ನನ್ನ ಪಾಲಿನ ದಿನ ಮುಗಿಯಿತು.

ನಮ್ಮ ಮನೆಯವರ ದಿನ ಆಗ ಶುರುವಾಗುತ್ತಿತ್ತು. ಅವರು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದರು. ಕಬ್ಬಿನ ಹಂಗಾಮಿನಲ್ಲಿ ರಸ್ತೆಯ ತುಂಬ ಟ್ರ್ಯಾಕ್ಟರು, ಮನೆ ಮುಟ್ಟುವುದು ಎಂಟಕ್ಕೋ ಒಂಬತ್ತಕ್ಕೋ. ಬಂದವರಿಗೆ ಬಿಸಿ ರೊಟ್ಟಿಯೇ ಆಗಬೇಕು. ಮಾಡಿ ಮುಚ್ಚಿಟ್ಟದ್ದು "ಗಂಟಲದಾಗ ಇಳಿಯಂಗಿಲ್ಲ" ಅನ್ನುತ್ತಿದ್ದರು. ನಾನು ಆರಿಸಿದ ಒಲೆ ಮತ್ತೆ ಹಚ್ಚಿ, ಹಿಟ್ಟು ನಾದಿ, ತಟ್ಟಿ, ಬೇಯಿಸಿ, ಎದುರು ಕೂತು ನೀಡುತ್ತಿದ್ದೆ. ಹಂಗಾಮು ಮುಗಿದು ಆರಕ್ಕೇ ಮನೆಗೆ ಬರುವ ತಿಂಗಳುಗಳಲ್ಲೂ ಅವರ ಊಟದ ಹೊತ್ತು ಬದಲಾಗಲಿಲ್ಲ. ಮೊದಲು ಪೇಪರು, ಆಮೇಲೆ ಓಣಿಯ ಕಟ್ಟೆ, ಆಮೇಲೆ ಟೀವಿಯ ಸುದ್ದಿ, ಎಲ್ಲ ಆದಮೇಲೆ ರೊಟ್ಟಿ. ನಾನು ಜಗಳ ತೆಗೆಯಲಿಲ್ಲ. ನೇಮ ನನ್ನದು, ಹೊಟ್ಟೆ ಅವರದು ಎಂದು ಸುಮ್ಮನಿದ್ದೆ.

ಜಿಲ್ಲೆ ಬೇರೆಯಾಗಿ ಹದಿನೈದು ವರ್ಷ ದಾಟಿದ್ದರೂ ಯಾರಾದರೂ ಊರು ಕೇಳಿದರೆ "ಜಮಖಂಡಿ, ಬಿಜಾಪುರ ಜಿಲ್ಲಾ" ಅನ್ನುವ ಮನುಷ್ಯ ಅವರು. ಹೊಸದು ಯಾವುದನ್ನೂ ಎದುರು ನಿಂತು ಬೇಡ ಅಂದದ್ದಿಲ್ಲ. ತಮ್ಮ ಪಾಡಿಗೆ ತಾವು, ಅದು ಆಗಿಯೇ ಇಲ್ಲ ಅನ್ನುವ ಹಾಗೆ ಇದ್ದುಬಿಡುತ್ತಿದ್ದರು. ಜಗಳಗಂಟ ಗಂಡನಾದರೆ ಒಂದು ಮಾತು ಆಡಿ ಗೆಲ್ಲಬಹುದು. ಇವರ ಜೊತೆ ನನಗೆ ಯಾವತ್ತೂ ಗೆಲ್ಲಲು ಆಗಲಿಲ್ಲ.

ಮಗಳು ಪುಣೆಯಲ್ಲಿ ಫಿಸಿಯೋಥೆರಪಿ ಕಲಿತು ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಹಿಟ್ಟು ನಾದಿ ನಾದಿ ಮಣಿಕಟ್ಟು ನೋವಾಗಿದೆ ಎಂದು ಬಂದ ಒಬ್ಬ ಹೋಟೆಲಿನವನಿಗೆ ವ್ಯಾಯಾಮ ಹೇಳಿಕೊಟ್ಟಳಂತೆ. ಮಾತಿಗೆ ಮಾತು ಬಂದು, ಅವನು ಬನಹಟ್ಟಿಯವನು ಅಂತ ಗೊತ್ತಾಯಿತು. ಪರಊರಿನಲ್ಲಿ ನಮ್ಮ ಮಾತು ಆಡುವವರು ಸಿಕ್ಕರೆ ಮನಸ್ಸು ಎಷ್ಟು ಬೇಗ ಕರಗುತ್ತದೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನೇಕಾರರ ಮನೆಯ ಹುಡುಗ. ಮಗ್ಗದ ಮುಂದೆ ಕೂರಲಾರೆ ಎಂದು ಗೋವಾದ ಹೋಟೆಲೊಂದನ್ನು ಸೇರಿ, ಅಲ್ಲಿಂದ ಪ್ರವಾಸಿ ಹಡಗಿನ ಅಡುಗೆಮನೆಗೆ ಹೋಗಿ, ಅಲ್ಲಿ ಜೊತೆಗಿದ್ದ ವೆನೆಝುವೆಲಾದ ಅಡುಗೆಯವಳೊಬ್ಬಳಿಂದ ಆ ದೇಶದ ಬೀದಿ ತಿಂಡಿಗಳನ್ನು ಕಲಿತಿದ್ದ. ಹಡಗು ಬಿಟ್ಟು ಬಂದು ಪುಣೆಯ ಕಾಲೇಜುಗಳ ಓಣಿಯಲ್ಲಿ ಸಣ್ಣದೊಂದು ಅಂಗಡಿ ಇಟ್ಟಿದ್ದ.

"ಹುಡುಗ ಏನ ಮಾಡ್ತಾನ?" ಎಂದು ನಮ್ಮ ಮನೆಯವರು ಫೋನಿನಲ್ಲಿ ಮಗಳನ್ನು ಕೇಳಿದರು.

"ಹೋಟೆಲ್ ಐತಿ ಅಪ್ಪಾ. ವೆನೆಝುವೆಲಾದ ಊಟದ್ದು."

"ಅದು ಎಣ್ಣಿ ತಗಿಯೂ ದೇಶ ಅಲ್ಲಾ? ಅಲ್ಲಿ ಮಂದಿ ಊಟಾನೂ ಮಾಡ್ತಾರೇನ?"

ಮಗಳು ನಕ್ಕಳು. ಅಪ್ಪ ತಮಾಷೆ ಮಾಡಿದರು ಅಂದರೆ ಸಿಟ್ಟಿಲ್ಲ ಅಂದುಕೊಂಡಳು. "ನೀವ ಒಮ್ಮಿ ಬಂದ ಉಂಡ ನೋಡ್ರಿ" ಅಂದಳು. ಇವರು "ಬರೋಣು ಬಿಡು" ಅಂದರು.

ಆ "ಬರೋಣು" ಎಷ್ಟು ದೊಡ್ಡ ಮಾತು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತು. ಹೆಣ್ಣೋ ಗಂಡೋ ನೋಡಲು ಹೋದ ಮನೆಯಲ್ಲಿ ನಾವು ಚಹಾ ಕುಡಿಯುತ್ತೇವೆ, ಅವಲಕ್ಕಿ ತಿನ್ನುತ್ತೇವೆ, ಊಟಕ್ಕೆ ಮಾತ್ರ ಕೂರುವುದಿಲ್ಲ. ಉಂಡು ಹೋಗಿ ಎಂದು ಅವರು ಎಷ್ಟು ಎಳೆದರೂ "ಇನ್ನೊಮ್ಮಿ ಆಗಲಿರಿ" ಅಂತ ಚಪ್ಪಲಿ ಮೆಟ್ಟುತ್ತೇವೆ. ಕೂತು ಉಂಡರೆ ಒಪ್ಪಿದ ಹಾಗೆ. ಆಮೇಲೆ ಬಾಯಿಬಿಟ್ಟು ಹೂಂ ಅನ್ನುವ ಅಗತ್ಯವೇ ಇಲ್ಲ. ಇದೆಲ್ಲ ಗೊತ್ತಿದ್ದ ಅಪ್ಪ ಊಟಕ್ಕೆ ಬರುತ್ತೇನೆ ಅಂದಮೇಲೆ ಮಗಳು ಬೇರೆ ಏನು ತಿಳಿಯಬೇಕು? ಹುಡುಗನ ತಾಯಿಯೂ ಹಾಗೆಯೇ ತಿಳಿದರು. ಗಂಡನನ್ನು ಮಗ್ಗದ ಹತ್ತಿರ ಬಿಟ್ಟು, ತಾವೊಬ್ಬರೇ ಬನಹಟ್ಟಿಯಿಂದ ಬಸ್ಸು ಹತ್ತಿ ಪುಣೆಗೆ ಬಂದರು. ನಾನೂ ಖುಷಿಯಲ್ಲಿದ್ದೆ. ಮಾಂಸ ಬೇಯಿಸುವ ಹೋಟೆಲು, ಬೇರೆ ಜಾತಿಯ ಮನೆ ಅಂತ ನನಗೂ ಮೊದಲು ಕರುಳು ಹಿಂಡಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮಗಳ ದನಿಯಲ್ಲಿ ಎಂದೂ ಕೇಳದ ಒಂದು ಹಗುರತನ ಕೇಳಿದ್ದೆ. ಅದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ.

ಮಗಳು, ಹುಡುಗ ಇಬ್ಬರೂ ವಾರಗಟ್ಟಲೆ ಅದೇ ಧ್ಯಾನದಲ್ಲಿದ್ದರೆಂದು ಆಮೇಲೆ ತಿಳಿಯಿತು. ಆವತ್ತು ಅಂಗಡಿಗೆ ರಜೆ. ನಮಗಾಗಿ ಹೊಸ ಹಂಚು, ಹೊಸ ಪಾತ್ರೆ, ಹೊಸ ತಟ್ಟೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ನೆಲದೊಳಗೆ ಬೆಳೆಯುವ ಯಾವ ಗಡ್ಡೆಯೂ ಒಳಗೆ ಬರಬಾರದು ಎಂದು ಮಗಳು ಹೇಳಿದ್ದಳು. ಅವೆಲ್ಲ ಇಲ್ಲದೆ ರುಚಿ ಕೂಡಿಸುವುದು ಹೇಗೆಂದು ಅವನು ಮತ್ತೆ ಮತ್ತೆ ಮಾಡಿ ನೋಡಿ, ಕೆಟ್ಟದ್ದನ್ನು ತಾನೇ ತಿಂದು ಮುಗಿಸಿದನಂತೆ. ಹುಡುಗನ ತಾಯಿ ತಮ್ಮದೇ ಮಗ್ಗದ ದಪ್ಪ ಹತ್ತಿ ಬಟ್ಟೆಯೊಂದನ್ನು ನೀರು ಸೋಸಲು ತಂದಿದ್ದರು. ನಾವು ಸೋಸಿದ ನೀರು ಕುಡಿಯುವವರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ನೋಡಿ ಗೊತ್ತಿತ್ತು. ಇಷ್ಟೆಲ್ಲ ನೆನಪಿಟ್ಟವರು ಹೊತ್ತನ್ನು ಮರೆಯುತ್ತಾರೆಯೇ? ನಾಲ್ಕಕ್ಕೆ ಊಟ ಎಂದು ಹೇಳಿದ್ದರು. ಚಳಿಗಾಲ, ಆರಾದರೆ ಕತ್ತಲು ಶುರು.

ನಾವು ರಾತ್ರಿ ಬಸ್ಸಿಗೆ ಹೊರಟು ಮುಂಜಾನೆ ಪುಣೆ ಮುಟ್ಟಿ ಮಗಳ ರೂಮಿನಲ್ಲಿ ಇಳಿದೆವು. ಮಧ್ಯಾಹ್ನ ಎರಡು ತುತ್ತು ಅನ್ನ ಉಂಡು ಇವರು ಅಡ್ಡಾದರು. ಮೂರೂವರೆಗೆ ಎಬ್ಬಿಸಿದೆ.

"ಹಂಗಾಮಿನ್ಯಾಗ ರಜಾ ಹಾಕಿ ಬಂದೇನಿ. ಒಂದ ತಾಸ ಕಣ್ಣ ಮುಚ್ಚಾಕೂ ಬಿಡಂಗಿಲ್ಲೇನ?" ಅಂದರು.

ಎದ್ದವರು ನಿಧಾನಕ್ಕೆ ಗಡ್ಡ ಹೆರೆದುಕೊಂಡರು. ಆಮೇಲೆ, ಹೊಸ ಊರಿಗೆ ಬಂದು ಬಸದಿಗೆ ಹೋಗದೆ ಉಣ್ಣುವುದು ಸರಿಯಲ್ಲ ಅಂದರು. ಜಮಖಂಡಿಯಲ್ಲಿ ನಾನು ಕೈಹಿಡಿದು ಎಳೆದರೂ ಬಸದಿಯ ಮೆಟ್ಟಿಲು ಹತ್ತದವರು ಅಲ್ಲಿ ಪ್ರದಕ್ಷಿಣೆ ಹಾಕಿದರು, ಕಣ್ಣು ಮುಚ್ಚಿ ನಿಂತರು, ಕಂಬಕ್ಕೆ ಒರಗಿ ಕೂತು ಸಾಂಗಲಿಯ ಕಡೆಯವರೊಬ್ಬರ ಜೊತೆ ಕಬ್ಬಿನ ಮಾತು ತೆಗೆದರು. ನನಗೆ ಆಗಲೂ ಅನುಮಾನ ಬರಲಿಲ್ಲ. ತಂದೆಯಾದವನ ಮನಸ್ಸು ಹೊಯ್ದಾಡುತ್ತಿರಬೇಕು, ದೇವರ ಹತ್ತಿರ ಕೂತು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ ಎಂದು ಮರುಗಿದೆ. ಮಗಳು ಮಾತ್ರ ಮೊಬೈಲಿನಲ್ಲಿ ಹೊತ್ತು ನೋಡಿ ನೋಡಿ ಬಿಳಿಚಿಕೊಂಡಿದ್ದಳು.

ಅಂಗಡಿ ಮುಟ್ಟಿದಾಗ ಐದು ದಾಟಿತ್ತು. ಹಳದಿ, ನೀಲಿ, ಕೆಂಪು ಪಟ್ಟೆ ಬಳಿದ ಗೋಡೆ, ನಾಲ್ಕೈದು ಕಟ್ಟಿಗೆಯ ಮೇಜು, ಬೆನ್ನಿಲ್ಲದ ಸ್ಟೂಲು, ಬೀದಿಗೆ ಮುಖ ಮಾಡಿದ ಹಂಚು. ನಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಮಿರ್ಚಿ ಭಜಿ ಅಂಗಡಿಗೆ ಬಣ್ಣ ಬಳಿದರೆ ಹೀಗೇ ಕಂಡೀತು. ಕಾಲೇಜು ಹುಡುಗರು ಬಂದು ಬಂದು, ಇವತ್ತು ರಜೆ ಎಂದು ಕೇಳಿ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಅದನ್ನು ನೋಡಿ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಹುಡುಗ ಹೊರಗೆ ಬಂದು ನಮ್ಮಿಬ್ಬರ ಕಾಲಿಗೂ ನಮಸ್ಕಾರ ಮಾಡಿದ. ದುಂಡು ಮುಖ, ತೋಳಿನ ಮೇಲೆ ಎಣ್ಣೆ ಸಿಡಿದ ಕಲೆಗಳು.

"ಬರ್ರಿ ಕಾಕಾರ, ಬರ್ರಿ ಕಾಕೂ. ಹಿಟ್ಟ ನಾದಿಟ್ಟೇನಿ. ನೀವು ಕೂತ ಕೂಡ್ಲೆ ಹಂಚಿಗಿ ಹಾಕ್ತೀನಿ. ಆರಿದ್ರ ಇದು ಛಲೋ ಆಗಂಗಿಲ್ಲರಿ," ಅಂದ.

ಅವನು ಮಾಡಿದ ತಪ್ಪು ಅದೊಂದೇ. ನಾಲ್ಕಕ್ಕೇ ಬೇಯಿಸಿ ಮುಚ್ಚಿಟ್ಟು, ಬಂದ ತಕ್ಷಣ ಮುಂದೆ ಇಟ್ಟಿದ್ದರೆ ತಪ್ಪಿಸಿಕೊಳ್ಳಲು ಇವರಿಗೆ ದಾರಿಯೇ ಇರುತ್ತಿರಲಿಲ್ಲ. ಆದರೆ ಬೀಗರಾಗುವವರಿಗೆ ಆರಿದ್ದು ಬಡಿಸುವುದು ನಮ್ಮ ಕಡೆ ಅವಮಾನ. ಸಮುದ್ರ ಸುತ್ತಿ ಬಂದರೂ ಅವನು ಬನಹಟ್ಟಿಯ ಈ ಮರ್ಯಾದೆಯನ್ನು ಬಿಟ್ಟಿರಲಿಲ್ಲ. ಕೂತ ಕೂಡಲೇ ಹಾಕುತ್ತೇನೆ ಅಂದ. ಇವರು ಕೂರಲಿಲ್ಲ.

ಹೊರಗೆ ನಿಂತು ಬೋರ್ಡು ಓದಿದರು. ಒಳಗೆ ಬಂದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಸಿದರು.

"ಇದು ಯಾತರ ಹಿಟ್ಟು?"

"ಗೊಂಜಾಳದ್ದರಿ ಕಾಕಾರ. ಕುದಿಸಿ ಒಣಗಿಸಿ ಬೀಸಿದ್ದು."

ಗೊಂಜಾಳ ಅಂದರೆ ಮೆಕ್ಕೆಜೋಳ. ನಮ್ಮಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ, ಮನೆಯ ಹಂಚಿಗೆ ಮಾತ್ರ ಯಾರೂ ಹತ್ತಿಸುವುದಿಲ್ಲ.

"ಗೊಂಜಾಳಾ? ನಾವು ಇದನ್ನ ದನಕ್ಕ ಹಾಕ್ತೇವಿ," ಅಂದರು ಇವರು.

ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮವ್ವನೂ ಮೊದಲ ಹಂಗ ಅಂದ್ಲುರಿ. ಒಂದ ತಿಂದ ಮ್ಯಾಲ ಸುಮ್ಮನಾದ್ಲು," ಎಂದು ನಕ್ಕ.

"ಖರೆ ಐತ್ರಿ ಅಣ್ಣಾರ," ಎಂದು ಅವನ ತಾಯಿ ಸೆರಗು ಎಳೆದುಕೊಂಡು ನಕ್ಕರು. ನೂಲು ಹಿಡಿದು ಹಿಡಿದು ಬೆರಳ ತುದಿಗಳು ನುಣ್ಣಗಾಗಿದ್ದ ಕೈಯಿಂದ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನಿಮ್ಮ ಮಗಳು ನಮ್ಮ ಮನಿಗಿ ಬಂದ್ರ ಮಗ್ಗದ ಮುಂದ ಕೂಡ್ರಸಂಗಿಲ್ಲರಿ ಅಕ್ಕಾರ, ಹೆದರಬ್ಯಾಡ್ರಿ," ಅಂದರು. ನನಗೆ ಅವರು ತುಂಬ ಹಿಡಿಸಿದರು. ಈಗಲೂ ಅದನ್ನು ಇಲ್ಲ ಅನ್ನಲಾರೆ.

ಎದುರಿನ ಕಟ್ಟಡದ ಗೋಡೆಯ ಮೇಲಿನ ಬಿಸಿಲು ಮೇಲೆ ಮೇಲೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಆ ಬಿಸಿಲಿನ ಮೇಲೆ ಕಣ್ಣಿಟ್ಟು ಉಂಡವಳು ನಾನು, ನನಗೆ ಗಡಿಯಾರ ಬೇಕಿರಲಿಲ್ಲ.

"ರೀ, ಹೊತ್ತ ಇಳ್ಯಾಕತ್ತೈತಿ. ಕೂಡ್ರಿ, ಉಂಡ ಮಾತಾಡೋಣು," ಅಂದೆ.

"ಏನ ಅವಸರಾ ನಿಂದು? ಸಂಬಂಧ ಅಂದ್ರ ಸಂತ್ಯಾಗಿನ ಬದನಿಕಾಯಿ ಅಲ್ಲ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಂತುಕೊಂಡೇ ಹುಡುಗನ ತಾಯಿಯನ್ನು ಮಾತಿಗೆ ಎಳೆದರು. ಬನಹಟ್ಟಿಯಲ್ಲಿ ಯಾವ ಓಣಿ, ಯಾರ ಮನೆಯ ಮಗ್ಗುಲು, ರಬಕವಿಯಲ್ಲಿ ಯಾರು ನೆಂಟರು. ಅಲ್ಲಿಂದ ಬೀಳಗಿಗೆ ಹೋದರು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಸೋದರಮಾವನ ಹೊಲ, ಆ ಹೊಲದ ಬಾವಿ, ಬಾವಿಯ ಕಟ್ಟೆ, ಕಟ್ಟೆಯ ಮೇಲಿನ ಬೇವಿನ ಗಿಡ. ಆ ಕಥೆಯನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ ಅನ್ನಬೇಕು, ಹೊಲ ಮುಳುಗುವ ಮೊದಲಿನ ಭಾಗವನ್ನೂ ಸೇರಿಸಿ. ಯಾವತ್ತೂ ಅದು ಇಷ್ಟು ಉದ್ದ ಇರಲಿಲ್ಲ. ಬೀಗರ ಮಾತು ನಡುವೆ ಕಡಿಯಬಾರದೆಂದು ಆ ತಾಯಿ "ಹೌದ್ರೀ, ಅಯ್ಯ ಪಾಪ" ಅನ್ನುತ್ತ ಕೂತಿದ್ದರು. ಹುಡುಗ ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದು, ಕಾದ ಹಂಚಿನ ಮುಂದೆ, ಇವರು ಯಾವಾಗ ಕೂತಾರು ಎಂದು ನೋಡುತ್ತ ನಿಂತಿದ್ದ. ಆಗ ನನಗೆ ತಿಳಿಯಿತು. ಇವರು ಮಾತಾಡುತ್ತ ಆಡುತ್ತ ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

ಬಿಸಿಲು ಗೋಡೆಯಿಂದ ಹೋದಮೇಲೆ ಕೈ ತೊಳೆಯಲು ಎದ್ದರು. ಒಂದೊಂದೇ ಬೆರಳು ತೊಳೆದು, ಒರೆಸಿ, ಬಂದು ಕೂತರು. ಅಷ್ಟರಲ್ಲಿ ಹುಡುಗ ಹಂಚಿಗೆ ಹಾಕಿ, ಸೀಳಿ, ತುಂಬಿ ತಂದು ಮುಂದೆ ಇಟ್ಟ. ಅದರ ಹೆಸರು ಅರೇಪಾ. ಅಂಗೈ ಅಗಲದ, ಬೆರಳು ದಪ್ಪದ ಬಿಳಿ ರೊಟ್ಟಿ, ಮೇಲೆ ಅಲ್ಲಲ್ಲಿ ಕಂದು ಮಚ್ಚೆ. ನಡುವೆ ಸೀಳಿದ ಬಾಯಲ್ಲಿ ಕರಿಕಾಳಿನ ಪಲ್ಯ, ಹುರಿದ ಬಾಳೆಹಣ್ಣಿನ ಹೋಳು, ತುರಿದ ಚೀಸು. ಪಕ್ಕದಲ್ಲಿ ಬೆಣ್ಣೆಹಣ್ಣು, ಕೊತ್ತಂಬರಿ, ಹಸಿಮೆಣಸಿನಕಾಯಿ ಸೇರಿಸಿ ಅರೆದ ಹಸಿರು ಚಟ್ನಿ. ಕುಡಿಯಲು ಬೆಲ್ಲ ನಿಂಬೆಹಣ್ಣಿನ ಪಾನಕ. ಆ ದೇಶದ ಬೀದಿಯಲ್ಲೂ ಜನ ಹೀಗೇ ಬೆಲ್ಲ ಕದಡಿ ಕುಡಿಯುತ್ತಾರಂತೆ, ಇದರ ಬೆಲ್ಲ ಮಾತ್ರ ಮಹಾಲಿಂಗಪುರದ್ದು. ಅವನ ತಾಯಿ ಚೀಲದಲ್ಲಿ ಹೊತ್ತು ತಂದಿದ್ದರು.

ಬೀದಿಯ ದೀಪಗಳು ಹತ್ತಿಕೊಂಡವು. ಇವರು ತಟ್ಟೆ ನೋಡಿದರು, ಹೊರಗೆ ನೋಡಿದರು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡರು.

"ಹೊತ್ತ ಮುಳುಗೇತಿ. ನಾವು ಉಣ್ಣಂಗಿಲ್ಲರಿ," ಅಂದರು. "ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ಧರ್ಮ ಹಂಗ ಐತಿ."

"ಇನ್ನೂ ಬೆಳಕೈತ್ರಿ ಕಾಕಾರ," ಅಂದ ಹುಡುಗ. ಅವನ ದನಿ ಸಣ್ಣಗಾಗಿತ್ತು.

"ಒಂದ ತುತ್ತ ಮುರದರ ಬಿಡ್ರಿ ಅಣ್ಣಾರ," ಅಂದರು ಅವನ ತಾಯಿ. "ಮಕ್ಕಳ ಮಾರಿ ನೋಡ್ರಿ."

"ನೀರೂ ಕುಡಿಯಂಗಿಲ್ಲರಿ," ಅಂದರು ಇವರು, ಬಹಳ ಸೌಮ್ಯವಾಗಿ.

ಬೇಡ ಅನ್ನಲು ಇವರ ಹತ್ತಿರ ನೂರು ಕಾರಣ ಇದ್ದವು. ಮಾಂಸ ಬೇಯಿಸುವ ಅಂಗಡಿ ಅನ್ನಬಹುದಿತ್ತು, ಜಾತಿ ಬೇರೆ ಅನ್ನಬಹುದಿತ್ತು, ಹುಡುಗ ಹಿಡಿಸಲಿಲ್ಲ ಅನ್ನಬಹುದಿತ್ತು. ಅಂದಿದ್ದರೆ ಮಗಳು ಅಳುತ್ತಿದ್ದಳು, ವಾದ ಮಾಡುತ್ತಿದ್ದಳು, ನಾನು ನಡುವೆ ಬರುತ್ತಿದ್ದೆ, ಒಂದು ದಿನ ಅಲ್ಲದಿದ್ದರೆ ಒಂದು ದಿನ ಏನಾದರೂ ಒಂದು ದಾರಿ ಆಗುತ್ತಿತ್ತು. ಅದಕ್ಕೇ ಇವರು ಯಾರೂ ಎದುರು ಮಾತಾಡಲಾರದ ಒಂದು ಕಾರಣವನ್ನು ನನ್ನ ತವರಿನಿಂದ, ನನ್ನ ಅಜ್ಜಿಯ ಅಡುಗೆಮನೆಯಿಂದ ಎತ್ತಿಕೊಂಡು ಬಂದರು. ನಾನು ಜೀವ ಹಿಡಿದಂತೆ ಹಿಡಿದದ್ದನ್ನು ಮಗಳ ಕತ್ತಿಗೆ ಹಗ್ಗ ಮಾಡಿದರು. ಆ ಹೊತ್ತಿನಲ್ಲಿ ಆ ಮನುಷ್ಯನ ಮೇಲೆ ನನಗೆ ಬಂದದ್ದು ಸಿಟ್ಟಲ್ಲ, ಅಸಹ್ಯ.

"ಇವರು ನಿನ್ನಿ ರಾತ್ರಿ ಒಂಬತ್ತಕ್ಕ ಬಸ್ಸಿನ್ಯಾಗ ರೊಟ್ಟಿ ಉಂಡಾರ," ಅಂದೆ ನಾನು, ಹುಡುಗನ ತಾಯಿಯ ಕಡೆ ತಿರುಗಿ. "ಮೊನ್ನಿನೂ ಉಂಡಾರ. ದಿನಾ ರಾತ್ರಿನ ಉಣ್ತಾರ, ನಾನ ಮಾಡಿ ಹಾಕ್ತೀನಿ." ಆಮೇಲೆ ಇವರ ಕಡೆ ತಿರುಗಿದೆ. "ಮನಸಿಲ್ಲಂದ್ರ ಮನಸಿಲ್ಲ ಅನ್ರಿ. ಧರ್ಮದ ಮ್ಯಾಲ ಹಾಕಬ್ಯಾಡ್ರಿ."

ಇವರ ಮುಖ ಕೆಂಪಗಾಯಿತು. ನಾನು ತಟ್ಟೆ ಎಳೆದುಕೊಂಡು ಅರೇಪಾ ಕೈಗೆತ್ತಿಕೊಂಡೆ. ಊಟ ಮಾಡಿದರೆ ಒಪ್ಪಿಗೆ ಅನ್ನುವುದಾದರೆ ಹೆತ್ತವಳ ಒಪ್ಪಿಗೆ ಇದೆ, ಎಲ್ಲರೂ ನೋಡಲಿ ಎಂದು ಕಚ್ಚಿದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬಿಸಿ. ಗೊಂಜಾಳಕ್ಕೆ ಇಷ್ಟು ರುಚಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಕಾಳಿನ ಉಪ್ಪು, ಬಾಳೆಹಣ್ಣಿನ ಸಿಹಿ, ಚಟ್ನಿಯ ಖಾರ ಒಂದರ ಹಿಂದೆ ಒಂದು ಬಂದವು. ಅವ್ವ ಸತ್ತ ವರ್ಷದಿಂದ ಕಾಪಾಡಿಕೊಂಡ ನೇಮ ಎರಡನೇ ತುತ್ತಿಗೆ ಗಂಟಲಲ್ಲಿ ನಿಂತಿತು. ಪಾನಕ ಕುಡಿದು ಇಳಿಸಿದೆ. ಪೂರ್ತಿ ಉಂಡೆ. "ಇನ್ನೊಂದ ಹಾಕಪಾ," ಅಂದೆ. ಅವನು ಹಾಕಿದ. ಅದನ್ನೂ ಉಂಡೆ. ಇಷ್ಟು ರುಚಿಯಾದದ್ದನ್ನು ಇಷ್ಟು ಸಂಕಟದಿಂದ ನಾನು ಎಂದೂ ಉಂಡಿಲ್ಲ. ತಲೆ ಎತ್ತಿದಾಗ ಹುಡುಗನ ತಾಯಿ ನನ್ನ ಖಾಲಿ ತಟ್ಟೆಯನ್ನು ನೋಡುತ್ತಿರಲಿಲ್ಲ. ಇವರ ತುಂಬಿದ ತಟ್ಟೆಯನ್ನು ನೋಡುತ್ತಿದ್ದರು.

ಆ ರಾತ್ರಿಯೇ ಊರಿಗೆ ಹೊರಟೆವು. ಬಸ್ಸು ಸಾತಾರಾದ ಹತ್ತಿರ ನಿಂತಾಗ ಇವರು ಇಳಿದು ವಡಾಪಾವ್ ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ಹತ್ತಿದರು.

ಕೆಲವು ದಿನಗಳ ಮೇಲೆ ಮಗಳು ನನ್ನ ಶಾಲೆಯ ಹೊತ್ತು ನೋಡಿ ಫೋನು ಮಾಡಿದಳು. ಹುಡುಗನ ತಾಯಿ ಒಲ್ಲೆ ಅಂದರು ಅಂದಳು.

"ಅಪ್ಪ ಉಣಲಿಲ್ಲ ಅಂತಲ್ಲಾ?" ಅಂದೆ.

"ಅಲ್ಲವ್ವಾ. ಅಪ್ಪ ಧರ್ಮ ಅಂದ್ರಲ್ಲ, ಅದನ್ನ ಅವರು ಹೊಟ್ಟಿಗಿ ಹಾಕ್ಕೊಂಡಿದ್ರು. ಇನ್ನೊಮ್ಮಿ ಮಧ್ಯಾಹ್ನ ಕರದ್ರಾತು, ಆವಾಗ ಹೆಂಗ ಬಿಡ್ತಾರ ನೋಡೋಣು ಅಂತಿದ್ರಂತ. ನೀ ಅಂದದ್ದ ಅವರಿಗಿ ಸೇರಲಿಲ್ಲ. ಗಂಡಗ ನಾಕ ಮಂದಿ ಮುಂದ ಹಿಂಗ ಅನ್ನಾಕಿ ಮಗಳು ನಾಳೆ ನನ್ನ ಮಗಗೂ ಅಂತಾಳ ಅಂದ್ರಂತ."

"ಅಂವ ಏನಂದ?"

"ಅವರವ್ವನ ಮಾತ ಅಂವ ಮೀರಂಗಿಲ್ಲ."

ಶಾಲೆಯ ಅಂಗಳದಲ್ಲಿ ಮಕ್ಕಳು ಕೂಗಾಡುತ್ತಿದ್ದರು, ನನಗೆ ಆಕೆಯ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಬೈಯಲಿಲ್ಲ ಆಕೆ. ನೀನು ಅನ್ನಬಾರದಿತ್ತು ಎಂದೂ ಹೇಳಲಿಲ್ಲ. ಫೋನು ಇಡುತ್ತೇನೆ ಅಂದಳು, ಇಟ್ಟಳು. ನೀರು ಸೋಸುವ ಬಟ್ಟೆ ಹೊತ್ತು ತಂದ ಆ ಒಳ್ಳೆಯ ಹೆಂಗಸಿಗೆ, ಸುಳ್ಳು ಹೇಳಿದ ಗಂಡಸು ಧರ್ಮಿಷ್ಠನಾಗಿ ಕಂಡ, ಖರೆ ಹೇಳಿದ ಹೆಂಗಸು ಗಯ್ಯಾಳಿಯಾಗಿ ಕಂಡಳು. ನಾನು ಎಷ್ಟೋ ಸಲ ಇದನ್ನು ಆ ಕಡೆಯಿಂದ ಈ ಕಡೆಯಿಂದ ತಿರುವಿ ನೋಡಿದ್ದೇನೆ. ನಾನು ಅಂದದ್ದು ತಪ್ಪು ಎಂದು ಇವತ್ತಿಗೂ ಅನ್ನಿಸಿಲ್ಲ. ಅನ್ನಿಸಿದ್ದರೆ ಇಷ್ಟು ಕಹಿ ಇರುತ್ತಿರಲಿಲ್ಲವೋ ಏನೋ.

ಊರಲ್ಲಿ ನೆಂಟರ ಬಾಯಿಗೆ ಬಿದ್ದದ್ದೂ ನಾನೇ. "ನಾ ನೇಮ ಬಿಡಲಿಲ್ಲ, ಇಕಿ ಕತ್ತಲಾಗ ಕೂತ ಉಂಡ ಬಂದಳು," ಎಂದು ಇವರು ನಗುತ್ತ ಹೇಳಿಕೊಂಡು ತಿರುಗಿದರು. ಇವರು ಎಷ್ಟಕ್ಕೆ ಉಣ್ಣುತ್ತಾರೆಂದು ಓಣಿಗೆಲ್ಲ ಗೊತ್ತು. ಆದರೂ ಎಲ್ಲರೂ ನನ್ನ ಮುಖ ನೋಡಿದರು. ನಾನು ತೇರದಾಳಕ್ಕೆ ಹೋಗಿ, ಬಸದಿಯಲ್ಲಿ ತಪ್ಪು ಹೇಳಿಕೊಂಡು, ಉಪವಾಸ ಮಾಡಿ, ನೇಮವನ್ನು ಮತ್ತೆ ಹಿಡಿದೆ. ಬಂದವಳು ಕತ್ತಲಾದ ಮೇಲೆ ಒಲೆ ಹಚ್ಚುವುದನ್ನು ಬಿಟ್ಟೆ. ಇವರು ಒಂದು ವಾರ ಮುಖ ಗಂಟು ಹಾಕಿಕೊಂಡು, ಆಮೇಲೆ ಖಾನಾವಳಿಯಿಂದ ರೊಟ್ಟಿ ತರಿಸಿಕೊಳ್ಳತೊಡಗಿದರು. ಅದರ ಬಗ್ಗೆ ನಮ್ಮಲ್ಲಿ ಮಾತೇ ಆಗಲಿಲ್ಲ.

ಎರಡು ವರ್ಷದ ಮೇಲೆ ಮಗಳ ಮದುವೆಯಾಯಿತು. ನಮ್ಮವರೇ, ಕೊಲ್ಹಾಪುರದ ಕಡೆಯ ಮನೆ. ಇವರೇ ಹುಡುಕಿದ ಸಂಬಂಧ. ಹೆಣ್ಣು ನೋಡಿ ಹೋದವರ ಮನೆಗೆ ಇವರು ಮರುವಾರವೇ ಹೋಗಿ, ಕೂತು, ಎರಡು ಹೋಳಿಗೆ ಉಂಡು ಬಂದರು. ಮಗಳನ್ನು ಕೇಳಿದಾಗ "ನೀವು ಹೆಂಗಂತೀರಿ ಹಂಗ" ಅಂದಳು. ಆ ಮಾತು ಕೇಳಿ ಇವರಿಗೆ ಸಂತೋಷವಾಯಿತು.

ಆರತಕ್ಷತೆ ಸಂಜೆ ಏಳಕ್ಕೆ, ಜಮಖಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ರಾತ್ರಿ ಉಣ್ಣದವರಿಗೆ ಐದಕ್ಕೇ ಒಂದು ಪಂಕ್ತಿ ಆಗಿತ್ತು, ನಾನು ಅದರಲ್ಲಿ ಉಂಡೆ. ಉಳಿದವರಿಗೆ ದೊಡ್ಡ ದೊಡ್ಡ ದೀಪಗಳ ಕೆಳಗೆ ಊಟ ನಡೆಯಿತು. ಇವರು ಹೊಸ ಕೋಟು ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋಗಿ ಬೀಗರಿಗೆ ಒತ್ತಾಯ ಮಾಡುತ್ತಿದ್ದರು, ತಾವೂ ತಿನ್ನುತ್ತಿದ್ದರು. ಗಂಡಿನ ತಂದೆ ಜಿಲೇಬಿ ಎತ್ತಿ ಇವರ ಬಾಯಿಗೆ ಇಟ್ಟರು. ಇವರು ಬಾಯಿ ಅಗಲ ಮಾಡಿದರು. ಸುತ್ತ ನಿಂತವರೆಲ್ಲ ಚಪ್ಪಾಳೆ ಹೊಡೆದರು. ನಾನು ವೇದಿಕೆಯ ಕೆಳಗೆ ಉಡುಗೊರೆಗಳನ್ನು ಜೋಡಿಸುತ್ತ ಇದನ್ನು ನೋಡುತ್ತಿದ್ದೆ.

ಮಗಳು ಮೇಲಿಂದ ಕೈ ಮಾಡಿ ನನ್ನನ್ನು ಕರೆದಳು. ಸೆರಗು ಸರಿಮಾಡಬೇಕೇನೋ ಎಂದು ಮೆಟ್ಟಿಲು ಹತ್ತಿ ಹೋದೆ. ಆಕೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು. ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಳಗೆ ಅಪ್ಪನ ಮೇಲೆ.

"ಅವ್ವಾ, ಇವತ್ತರ ಏನೂ ಅನಬ್ಯಾಡ," ಅಂದಳು.

ಅನ್ನುವುದಿಲ್ಲ ಎಂದು ತಲೆಯಾಡಿಸಿ ಕೆಳಗಿಳಿದೆ.